ಪ್ರಶ್ನೋತ್ತರ ವೇಳೆ: ಪ್ರಶ್ನೆ ಬರೆಯಲು ಕಲಿಸಿದ ಎರಡು ಅವಧಿಗಳು

ಪೀಠಿಕೆ

ನಾನು ಬಿ.ಎಸ್ಸಿ. ಮುಗಿಸಿ ಗೋಕಾಕದಲ್ಲಿ ಬಿ.ಎಡ್. ಓದುತ್ತಿರುವ ಪ್ರಶಿಕ್ಷಣಾರ್ಥಿ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಇಂಟರ್ನ್‌ಶಿಪ್‌ಗೆ ಮೂಡಲಗಿ ತಾಲೂಕಿನ ಒಂದು ಪ್ರೌಢಶಾಲೆಗೆ ಹೋಗಿದ್ದೆ. ಅಲ್ಲಿಯ ಸಮಾಜವಿಜ್ಞಾನ ಶಿಕ್ಷಕರು ತರಬೇತಿಗೆ ಹೋದ ವಾರ ಮುಖ್ಯೋಪಾಧ್ಯಾಯರು 9ನೇ ತರಗತಿಯ ಎರಡು ಅವಧಿಗಳನ್ನು ನನಗೆ ಒಪ್ಪಿಸಿದರು. ಘಟಕ ‘ರಾಜ್ಯ ಸರ್ಕಾರ’. ಅದರಲ್ಲಿ ಶಾಸಕರು ಸಚಿವರನ್ನು ಪ್ರಶ್ನಿಸುವ ಭಾಗವನ್ನು ನಾನು ಆರಿಸಿಕೊಂಡೆ. ಮೊದಲ ಅವಧಿ ಮೇಲ್ನೋಟಕ್ಕೆ ಗೆದ್ದಿತು, ನಿಜದಲ್ಲಿ ಸೋತಿತು. ಎರಡನೆಯದರಲ್ಲಿ ಮಕ್ಕಳ ಜೊತೆಗೆ ನಾನೂ ಕಲಿತೆ. ಎರಡನ್ನೂ ಇಲ್ಲಿ ಬರೆದಿದ್ದೇನೆ.

ಮೊದಲ ಅವಧಿ: ಅಣಕು ವಿಧಾನಸಭೆ

ಪಾಠಯೋಜನೆಯಲ್ಲಿ ಬರೆದಿದ್ದ ಕಲಿಕಾ ಫಲಗಳು ಎರಡು. ಒಂದು, ಶಾಸಕಾಂಗವು ಕಾರ್ಯಾಂಗವನ್ನು ಹೇಗೆ ನಿಯಂತ್ರಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ವಿವರಿಸುವರು. ಎರಡು, ತಮ್ಮ ಪರಿಸರದ ಸಮಸ್ಯೆಯೊಂದನ್ನು ಪ್ರಶ್ನೆಯಾಗಿ ರೂಪಿಸುವರು.

ಪೂರ್ವಜ್ಞಾನ ಪರೀಕ್ಷೆಯಲ್ಲೇ ಒಂದು ಗೊಂದಲ ಕಂಡಿತು. ‘ನಮ್ಮ ಕ್ಷೇತ್ರ ಯಾವುದು?’ ಎಂದರೆ ಬಹುತೇಕರು ‘ಮೂಡಲಗಿ’ ಎಂದರು. ಮೂಡಲಗಿ ತಾಲೂಕು. ವಿಧಾನಸಭಾ ಕ್ಷೇತ್ರದ ಹೆಸರು ಅರಭಾವಿ. ನನ್ನ ಊರಿರುವ ಹುಕ್ಕೇರಿ ತಾಲೂಕಿನ ಹಳ್ಳಿಗಳು ಹುಕ್ಕೇರಿ ಮತ್ತು ಯಮಕನಮರಡಿ ಎಂಬ ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ರಾಜ್ಯದ 224 ಕ್ಷೇತ್ರಗಳಲ್ಲಿ 18 ನಮ್ಮ ಬೆಳಗಾವಿ ಜಿಲ್ಲೆಯಲ್ಲಿವೆ ಎಂದು ನಕಾಶೆಯಲ್ಲಿ ತೋರಿಸಿದೆ. 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಬೆಳಗಾವಿಯಲ್ಲೇ ಇರುವುದರಿಂದ ವಿಷಯ ಮಕ್ಕಳಿಗೆ ದೂರದ್ದೆನಿಸಲಿಲ್ಲ.

ಅನಂತರ ತರಗತಿಯನ್ನೇ ಸದನ ಮಾಡಿದೆ. ಒಬ್ಬ ಸಭಾಧ್ಯಕ್ಷ, ನಾಲ್ವರು ಸಚಿವರು, ಉಳಿದವರು ಶಾಸಕರು. ಗದ್ದಲವೋ ಗದ್ದಲ. ಟಿ.ವಿ.ಯಲ್ಲಿ ಕಂಡದ್ದನ್ನೆಲ್ಲ ಮಾಡಿ ತೋರಿಸಿದರು. ‘ರಸ್ತೆ ಹಾಳಾಗಿದೆ, ಸರ್ಕಾರ ಏನು ಮಾಡುತ್ತಿದೆ?’ ಎಂದು ಶಾಸಕರು ಕೇಳಿದರೆ ‘ಮಾಡಸ್ತೀವಿ’ ಎಂದು ಸಚಿವರು ಹೇಳುತ್ತಿದ್ದರು. ಮೇಜು ಕುಟ್ಟಿದ್ದೇ ಕುಟ್ಟಿದ್ದು.

ನಡುವೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದಳು. ‘ನಮ್ಮ ಆಯೀಗೆ ಐದು ತಿಂಗಳಾತ್ರೀ, ಪಗಾರ ಬಂದಿಲ್ಲ’ ಎಂದಳು. ವೃದ್ಧಾಪ್ಯ ಪಿಂಚಣಿಗೆ ನಮ್ಮ ಹಳ್ಳಿಗಳಲ್ಲಿ ಪಗಾರ ಎನ್ನುವುದೇ ರೂಢಿ. ಸಚಿವನಾಗಿದ್ದ ಹುಡುಗ ಥಟ್ಟನೆ, ‘ನಿಮ್ಮ ಆಯೀನ ಇಲ್ಲೇ ಕರಕೊಂಡ ಬರ್ರಿ, ಈಗಿಂದೀಗ ಕೊಡ್ತೀನಿ’ ಎಂದ. ತರಗತಿ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಆಕೆ ಕುಳಿತಳು, ಅವಧಿ ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಸಹಪಾಠಿ ವೀಕ್ಷಕರು ‘ತರಗತಿ ಉತ್ಸಾಹದಿಂದ ಕೂಡಿತ್ತು’ ಎಂದು ಬರೆದು ಒಳ್ಳೆಯ ಅಂಕ ಕೊಟ್ಟರು. ಮಾರ್ಗದರ್ಶಿ ಉಪನ್ಯಾಸಕರು ಮಾತ್ರ ಒಂದೇ ಸಾಲು ಬರೆದಿದ್ದರು: ‘ಕೇಳಿದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ಉತ್ತರ ಸಿಕ್ಕಿತು?’ ಎಣಿಸಿ ನೋಡಿದೆ. ಒಂದಕ್ಕೂ ಸಿಕ್ಕಿರಲಿಲ್ಲ.

ಸದನದ ಪ್ರಶ್ನೆಗಳನ್ನು ಓದಿದಾಗ

ಆ ರಾತ್ರಿ ವಿಧಾನಸಭೆಯಲ್ಲಿ ಕೊಟ್ಟ ಲಿಖಿತ ಉತ್ತರಗಳನ್ನು ಓದುತ್ತ ಕುಳಿತೆ. ಅವುಗಳ ರೂಪ ಸರಳ. ಮೇಲೆ ಸದಸ್ಯರ ಹೆಸರು, ಉತ್ತರಿಸುವ ಸಚಿವರು ಮತ್ತು ದಿನಾಂಕ. ಕೆಳಗೆ ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆ (ಅ), (ಆ), (ಇ) ಎಂದು ಭಾಗವಾಗಿರುತ್ತದೆ.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ, ಉಪಪ್ರಶ್ನೆ ಇಲ್ಲ. ಆದ್ದರಿಂದ ಎರಡನೆಯ ಬಗೆಯಲ್ಲಿ ಪ್ರಶ್ನೆಯ ಒಂದೊಂದು ಪದವೂ ಮೊದಲೇ ಸರಿಯಾಗಿರಬೇಕು. ಉತ್ತರ ಜಾರಿಕೊಂಡರೆ ಅಲ್ಲೇ ಹಿಡಿದು ಮತ್ತೆ ಕೇಳಲು ಬರುವುದಿಲ್ಲ.

ಓದುತ್ತ ಹೋದಂತೆ ಒಂದು ನಮೂನೆ ಕಣ್ಣಿಗೆ ಬಿತ್ತು. ‘(ಅ) ಇಂಥ ತೊಂದರೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?’ ಎಂಬ ಪ್ರಶ್ನೆಗೆ ಉತ್ತರ ಎರಡೇ ಪದಗಳಲ್ಲಿ ಮುಗಿಯಬಹುದು: ‘ಬಂದಿಲ್ಲ.’ ‘ಉದ್ಭವಿಸುವುದಿಲ್ಲ.’ ಅದೇ ‘ಎಷ್ಟು, ಎಲ್ಲಿ, ಯಾವಾಗಿನಿಂದ, ತಾಲೂಕುವಾರು ವಿವರ ನೀಡುವುದು’ ಎಂದು ಕೇಳಿದಲ್ಲಿ ಉತ್ತರದ ಜೊತೆಗೆ ಅಂಕಿಗಳ ಅನುಬಂಧವೇ ಬಂದಿರುತ್ತದೆ.

‘ಗಮನಕ್ಕೆ ಬಂದಿದೆಯೇ’ ಎಂಬುದು ನಿಷ್ಪ್ರಯೋಜಕ ಪ್ರಶ್ನೆಯೆಂದು ನನ್ನ ಅಭಿಪ್ರಾಯವಲ್ಲ. ‘ಬಂದಿದೆ’ ಎಂಬ ಉತ್ತರ ಸಿಕ್ಕರೆ ತೊಂದರೆ ಇರುವುದನ್ನು ಸರ್ಕಾರ ಒಪ್ಪಿಕೊಂಡದ್ದು ಕಡತದಲ್ಲಿ ಉಳಿಯುತ್ತದೆ. ಸಚಿವರು ಸದನದಲ್ಲಿ ಕೊಟ್ಟ ಮಾತಿನ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿಯೂ ಇದೆ. ಆದರೆ ಎಲ್ಲ ಭಾರವನ್ನೂ ಆ ಒಂದು ಪ್ರಶ್ನೆಯ ಮೇಲೆ ಹೊರಿಸಿದರೆ, ಅದು ಬಿದ್ದಾಗ ಉಳಿದವೂ ಬೀಳುತ್ತವೆ. ವಿಜ್ಞಾನದ ವಿದ್ಯಾರ್ಥಿನಿಯಾದ ನನಗೆ ಇದು ಹೊಸ ಮಾತಾಗಬಾರದಿತ್ತು. ಅಳೆಯಲು ಬರುವಂತೆ ಕೇಳದ ಪ್ರಶ್ನೆಯಿಂದ ಪ್ರಯೋಗ ನಡೆಯುವುದಿಲ್ಲ.

ಎರಡನೆಯ ಅವಧಿ: ಜಾರಿಕೊಳ್ಳುವ ಉತ್ತರ

ಎರಡನೆಯ ಅವಧಿಯಲ್ಲಿ ಭಾಷಣ, ಮೇಜು ಕುಟ್ಟುವುದು ಎರಡನ್ನೂ ಬಿಟ್ಟೆ. ಮೊದಲು ಹಿಂದಿನ ದಿನ ನಾನು ನಕ್ಕದ್ದು ತಪ್ಪು ಎಂದು ತರಗತಿಯ ಮುಂದೆ ಹೇಳಿದೆ, ಯಾರ ಹೆಸರನ್ನೂ ಎತ್ತಲಿಲ್ಲ. ಪ್ರಶ್ನೆಗಳಲ್ಲಿ ಯಾರ ಮನೆಯವರ ಹೆಸರೂ ಬರಕೂಡದು, ಇಡೀ ತಾಲೂಕಿನ ಮಾತಾಗಿ ಬರೆಯಬೇಕು ಎಂಬ ನಿಯಮ ಮಾಡಿದೆ.

ಚಟುವಟಿಕೆ ಹೀಗಿತ್ತು. ಒಂದು ಗುಂಪು ಪ್ರಶ್ನೆ ಬರೆಯಬೇಕು. ಎದುರು ಗುಂಪು ಅಧಿಕಾರಿಗಳಂತೆ ಕುಳಿತು, ಸುಳ್ಳು ಹೇಳದೆ, ಆದರೆ ಏನನ್ನೂ ತಿಳಿಸದೆ, ಅತಿ ಚಿಕ್ಕ ಉತ್ತರ ಬರೆಯಬೇಕು. ಅವರು ಜಾರಿಕೊಂಡರೆ ಮೊದಲ ಗುಂಪು ಪ್ರಶ್ನೆಯನ್ನು ತಿದ್ದಬೇಕು. ಜಾರಿಕೊಳ್ಳಲು ದಾರಿ ಉಳಿಯದಾಗ ಪ್ರಶ್ನೆ ಸಿದ್ಧವಾದಂತೆ.

ಮೊದಲ ಮಾದರಿಯನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದೆ: ‘ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ಮನೆ ಮನೆಗೆ ನಳ ಹಾಕಲಾಗಿದೆಯೇ?’ ಎದುರು ಗುಂಪಿನ ಉತ್ತರ: ‘ಹಾಕಲಾಗಿದೆ.’ ನಳ ಹಾಕಿದ್ದರೂ ನೀರು ಬರದಿರಬಹುದಲ್ಲವೇ ಎಂದೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹೇಳುವುದು ತಲಾ ದಿನಕ್ಕೆ 55 ಲೀಟರ್ ನೀರಿನ ಮಾತು. ಮಕ್ಕಳು ತಿದ್ದಿದರು: ‘ವಾರಕ್ಕೆ ಎಷ್ಟು ದಿನ, ತಲಾ ಎಷ್ಟು ಲೀಟರ್ ಬರುತ್ತದೆ? ಅಳೆದವರು ಯಾರು?’ ಕೊನೆಯ ಎರಡು ಪದಗಳು ಅವರದೇ.

ಗೋಕಾಕದ ನೆಂಟರಿದ್ದ ಗುಂಪು 2019ರ ಆಗಸ್ಟ್ ಪ್ರವಾಹವನ್ನು ಎತ್ತಿಕೊಂಡಿತು. ಆ ಸಲ ಘಟಪ್ರಭೆ ಗೋಕಾಕ ಊರೊಳಗೆ ಬಂದದ್ದು, ಲೋಳಸೂರ ಸೇತುವೆ ಮುಳುಗಿದ್ದು ಎಲ್ಲರಿಗೂ ಗೊತ್ತು. ‘ಮನೆ ಬಿದ್ದವರಿಗೆ ಪರಿಹಾರ ಕೊಡಲಾಗಿದೆಯೇ?’ ಎಂಬುದಕ್ಕೆ ‘ಕೊಡಲಾಗಿದೆ’ ಎಂದು ಉತ್ತರ ಬಂತು. ಪೂರ್ತಿ ಬಿದ್ದ ಮನೆಗೆ ಘೋಷಿಸಿದ್ದು 5 ಲಕ್ಷ ರೂಪಾಯಿ, ಮನೆ ಕಟ್ಟಿದಂತೆ ಕಂತಿನಲ್ಲಿ ಕೊಡುವಂಥದ್ದು ಎಂದು ನಾನು ಸೇರಿಸಿದೆ. ಪ್ರಶ್ನೆ ಬದಲಾಯಿತು: ‘ಮಂಜೂರಾದ ಮನೆಗಳೆಷ್ಟು? ಕೊನೆಯ ಕಂತು ಮುಟ್ಟಿದ್ದು ಎಷ್ಟಕ್ಕೆ? ಮುಟ್ಟದವು ಯಾವ ಹಂತದಲ್ಲಿ ನಿಂತಿವೆ?’

ಪಿಂಚಣಿಯ ಪ್ರಶ್ನೆಯನ್ನು ಆ ಹುಡುಗಿಯಿದ್ದ ಗುಂಪೇ ತೆಗೆದುಕೊಂಡಿತು. ನಾನು ಹೇಳಿರಲಿಲ್ಲ. ಮೊದಲು ಬರೆದದ್ದು ‘ಪಿಂಚಣಿ ಸರಿಯಾಗಿ ಬರುತ್ತಿಲ್ಲವೆಂದು ಗಮನಕ್ಕೆ ಬಂದಿದೆಯೇ?’ ಎಂದು. ಹಿಂದಿನ ದಿನದ ‘ಸಚಿವ’ ಎದುರು ಗುಂಪಿನಲ್ಲಿದ್ದ. ‘ಬಂದಿಲ್ಲ’ ಎಂದು ಬರೆದ. ಮೂರು ಸಲ ತಿದ್ದಿದ ಮೇಲೆ ಪ್ರಶ್ನೆ ಹೀಗಾಯಿತು:

(ಅ) ತಾಲೂಕಿನಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯ ಫಲಾನುಭವಿಗಳು ಎಷ್ಟು ಜನ?
(ಆ) ಕಳೆದ ಆರು ತಿಂಗಳಲ್ಲಿ ಎಷ್ಟು ಜನರ ಹಣ ನಿಂತಿದೆ? ಕಾರಣವಾರು ವಿವರ ನೀಡುವುದು.
(ಇ) ಹಣ ನಿಂತಿದೆ ಎಂದು ಅವರಿಗೆ ಯಾರು, ಹೇಗೆ ತಿಳಿಸಿದರು?
(ಈ) ಮತ್ತೆ ಆರಂಭಿಸಲು ಯಾರನ್ನು ಕಾಣಬೇಕು, ಎಷ್ಟು ದಿನ ಬೇಕು?

(ಇ) ಆ ಹುಡುಗಿಯದು. ಎದುರಿನ ಹುಡುಗ ಬಹಳ ಹೊತ್ತು ಪೆನ್ನು ಹಿಡಿದು ಕುಳಿತ. ಆಮೇಲೆ, ‘ಟೀಚರ್ರೀ, ಇದಕ್ಕ ಜಾರಾಕ ಬರಂಗಿಲ್ರೀ’ ಎಂದ. ಈ ಸಲ ಯಾರೂ ನಗಲಿಲ್ಲ.

ಯಾರನ್ನು ಕೇಳಬೇಕು?

ಉಳಿದ ಹತ್ತು ನಿಮಿಷವನ್ನು ಈ ಪ್ರಶ್ನೆಗೆ ಮೀಸಲಿಟ್ಟೆ. ಸಂಧ್ಯಾ ಸುರಕ್ಷಾ ರಾಜ್ಯದ ಯೋಜನೆ. 65 ವರ್ಷ ದಾಟಿದ ಅರ್ಹರಿಗೆ ತಿಂಗಳಿಗೆ 1,200 ರೂಪಾಯಿ. ನೋಡಿಕೊಳ್ಳುವುದು ಕಂದಾಯ ಇಲಾಖೆ. ಆದ್ದರಿಂದ ಇದು ವಿಧಾನಸಭೆಯಲ್ಲೋ ವಿಧಾನ ಪರಿಷತ್ತಿನಲ್ಲೋ ಕಂದಾಯ ಸಚಿವರಿಗೆ ಕೇಳುವ ಪ್ರಶ್ನೆ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು ಇದೆ. 60ರಿಂದ 79 ವರ್ಷದವರಿಗೆ 200 ರೂಪಾಯಿ, 80 ದಾಟಿದವರಿಗೆ 500. ಆ ಪಾಲು ಏಕೆ ಅಷ್ಟೇ ಇದೆ ಎಂಬುದು ಸಂಸತ್ತಿನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಿಗೆ ಹೋಗುವ ಪ್ರಶ್ನೆ.

ಸಂಸತ್ತು ಎಂದರೆ ದಿಲ್ಲಿಯ ಮಾತು ಎಂದುಕೊಂಡಿದ್ದ ಮಕ್ಕಳಿಗೆ, ಇದೇ ತಾಲೂಕಿನ ಕಲ್ಲೋಳಿಯ ಈರಣ್ಣ ಕಡಾಡಿಯವರು 2020ರಲ್ಲಿ ರಾಜ್ಯಸಭೆಗೆ ಆಯ್ಕೆಯಾದದ್ದನ್ನು ನೆನಪಿಸಿದೆ. ರಾಜ್ಯಸಭೆಯಲ್ಲಿ ದಿನಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳು, 160 ಚುಕ್ಕೆ ಗುರುತಿಲ್ಲದವು. ಪ್ರಶ್ನೆಯ ಸೂಚನೆಯನ್ನು 15 ದಿನ ಮೊದಲೇ ಕೊಡಬೇಕು. 2020ರ ಸೆಪ್ಟೆಂಬರ್ ಅಧಿವೇಶನದಲ್ಲಿ ಕೋವಿಡ್ ಕಾರಣಕ್ಕೆ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ, ಲಿಖಿತ ಉತ್ತರಗಳಷ್ಟೇ ಇದ್ದವು. ‘ಹಂಗಾರ ಉಪಪ್ರಶ್ನೆ ಕೇಳಾಕ ಬರ್ತಿರಲಿಲ್ಲ’ ಎಂದು ಒಬ್ಬ ತಾನಾಗಿ ಹೇಳಿದ. ನನ್ನ ಮೌಲ್ಯಮಾಪನ ಅಲ್ಲಿಗೇ ಮುಗಿಯಿತು.

ಆದರೆ ಒಬ್ಬ ಆಯಿಯ ಪಗಾರಕ್ಕೆ ಸದನ ಕೂಡುವವರೆಗೆ ಕಾಯಬೇಕಿಲ್ಲ. ನಾಡಕಚೇರಿ ಇದೆ. ಸೇವೆಗೆ ದಿನ ಗೊತ್ತುಮಾಡುವ 2011ರ ಸಕಾಲ ಕಾಯ್ದೆ ಇದೆ. 30 ದಿನದೊಳಗೆ ಉತ್ತರ ಕೊಡಬೇಕೆನ್ನುವ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಮಕ್ಕಳೇ ನೇರವಾಗಿ ಕೇಳಬಹುದಾದ ಮಕ್ಕಳ ಗ್ರಾಮಸಭೆಯೂ ಇದೆ. ಎಲ್ಲ ಕಡೆಯೂ ಬೇಕಾದದ್ದು ಅದೇ (ಅ), (ಆ), (ಇ), (ಈ).

ಆ ಹುಡುಗಿ (ಈ) ಭಾಗವನ್ನು ಚೀಟಿಯಲ್ಲಿ ಬರೆದುಕೊಂಡು ತಾಯಿಯ ಜೊತೆ ಹೋಗಿ ವಿಚಾರಿಸಿದಳು. ಆಯಿಯ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ ಎಂದು ತಿಳಿಯಿತು. ಐದು ತಿಂಗಳಲ್ಲಿ ಯಾರೂ ಅವರಿಗೆ ಇದನ್ನು ಹೇಳಿರಲಿಲ್ಲ. ನನ್ನ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಜೋಡಣೆ ಆಗಿತ್ತು, ಹಣ ಇನ್ನೂ ಬಂದಿರಲಿಲ್ಲ.

ನನ್ನ ಬೋಧನೆಯ ಮೇಲೆ ಆದ ಪರಿಣಾಮ

ಮುಂದಿನ ವಾರ ಅದೇ ತರಗತಿಗೆ ‘ಚಲನೆ’ ಘಟಕ ಹೇಳುತ್ತಿದ್ದೆ. ದೂರ-ಕಾಲ ನಕ್ಷೆ ವಿವರಿಸಿ, ರೂಢಿಯಂತೆ ‘ತಿಳೀತಿಲ್ಲೋ?’ ಎಂದೆ. ‘ತಿಳೀತ್ರೀ ಟೀಚರ್’ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ನನಗೆ ಅಲ್ಲೇ ಹೊಳೆಯಿತು: ಇದೂ ‘ಗಮನಕ್ಕೆ ಬಂದಿದೆಯೇ?’ ಬಗೆಯ ಪ್ರಶ್ನೆಯೇ. ಮಕ್ಕಳು ನನಗೆ ಜಾರಿಕೊಳ್ಳುವ ಉತ್ತರ ಕೊಟ್ಟಿದ್ದರು, ಅದಕ್ಕೆ ದಾರಿ ಮಾಡಿಕೊಟ್ಟವಳು ನಾನು.

ಪ್ರಶ್ನೆ ಬದಲಿಸಿದೆ. ‘ಈ ನಕ್ಷೆಯಲ್ಲಿ ಬಸ್ಸು ನಿಂತದ್ದು ಎಷ್ಟನೆಯ ನಿಮಿಷದಿಂದ ಎಷ್ಟನೆಯ ನಿಮಿಷದವರೆಗೆ? ಹೇಗೆ ಗೊತ್ತಾಯಿತು?’ ಸುಮಾರು ಅರ್ಧದಷ್ಟು ಮಕ್ಕಳು, ಅಡ್ಡಲಾಗಿದ್ದ ಗೆರೆಯನ್ನು ನೋಡಿ ಬಸ್ಸು ನೇರ ರಸ್ತೆಯಲ್ಲಿ ಓಡುತ್ತಿದೆ ಎಂದರು. ಅಂದು ಪಾಠವನ್ನು ಮತ್ತೆ ಮೊದಲಿನಿಂದ ಹೇಳಿದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಸಲಹೆಗಳು. ಈ ಘಟಕಕ್ಕೆ ಅಣಕು ಸದನ ಮಾಡುವುದಿದ್ದರೆ, ಅದಕ್ಕೂ ಮುಂಚೆ ಒಂದು ಅವಧಿ ಪ್ರಶ್ನೆ ಬರೆಯುವುದಕ್ಕೆ ಕೊಡಿ. ಮತ್ತು ನಿಮ್ಮ ಪಾಠಯೋಜನೆಯಲ್ಲಿ ಬರೆದುಕೊಂಡ ಪ್ರಶ್ನೆಗಳನ್ನು ಒಮ್ಮೆ ಎದುರು ಗುಂಪಿನವರಂತೆ ಓದಿ. ‘ಹೌದು’ ಎಂಬ ಒಂದೇ ಪದದಲ್ಲಿ ಜಾರಿಕೊಳ್ಳಲು ಬರುವಂತಿದ್ದರೆ ತಿದ್ದಿ ಬರೆಯಿರಿ.