ಹಳ್ಳಿ ಚರ್ಚಿನ ಅಟ್ಟದ ಮೇಳ

ಗೆಳೆಯರೇ, ಚರ್ಚಿನ ಸಂಗೀತ ಅಂದ ಕೂಡಲೇ ದೊಡ್ಡ ಆರ್ಗನ್ ನೆನಪಾಗುತ್ತದೆ ಅಲ್ಲವೇ? ಆದರೆ 200 ವರ್ಷಗಳ ಹಿಂದೆ ಇಂಗ್ಲೆಂಡಿನ ಬಹಳಷ್ಟು ಹಳ್ಳಿ ಚರ್ಚುಗಳಲ್ಲಿ ಆರ್ಗನ್ನೇ ಇರಲಿಲ್ಲ. ಹಾಗಾದ್ರೆ ಹಾಡು ಹೇಗೆ ನಡೀತಿತ್ತು? ತಿಳಿಯೋಣ.

1. ಹೇಳಿಕೊಟ್ಟು ಹಾಡಿಸುವುದು: 17ನೇ ಶತಮಾನದಲ್ಲಿ ಹಳ್ಳಿಗರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ. ಚರ್ಚಿನ ಗುಮಾಸ್ತ ಒಂದೊಂದೇ ಸಾಲು ಹೇಳುತ್ತಿದ್ದ, ಜನ ಅದನ್ನೇ ಹಾಡುತ್ತಿದ್ದರು. ನಮ್ಮ ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ಹಾಡ್ತಾರಲ್ಲ, ಹಾಗೇ.

2. ಅಟ್ಟದ ಮೇಳ: 18ನೇ ಶತಮಾನದಲ್ಲಿ ಹಾಡುಗಾರರ ಗುಂಪುಗಳು ಬೆಳೆದವು. ಚರ್ಚಿನ ಪಶ್ಚಿಮ ಗೋಡೆಯ ಕಡೆ ಮರದ ಅಟ್ಟ ಕಟ್ಟಿ ಅವರನ್ನು ಕೂರಿಸಿದರು. ಪಿಟೀಲು, ಸೆಲ್ಲೊ, ಕೊಳಲು, ಕ್ಲಾರಿನೆಟ್, ಬಸೂನ್ ಸೇರಿದವು. ಬಾರಿಸುವವರು ಊರಿನ ಗಾರೆ ಕೆಲಸದವರು, ಚಮ್ಮಾರರು, ಕೂಲಿಕಾರರು. ಸ್ವರಗಳನ್ನು ನಮ್ಮ ಈ ಗೋಡೆ ಪತ್ರಿಕೆಯಂತೆ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಬಾರಿಸಿದವರೇ ಮದುವೆಯ ಕುಣಿತಕ್ಕೂ ಬಾರಿಸುತ್ತಿದ್ದರು.

3. ಒಂದು ಉದಾಹರಣೆ: ಡಾರ್ಸೆಟ್ ಪ್ರಾಂತದ ಸ್ಟಿನ್ಸ್‌ಫರ್ಡ್ ಚರ್ಚು. ಕಾದಂಬರಿಕಾರ ಥಾಮಸ್ ಹಾರ್ಡಿಯ ತಾತ ಅಲ್ಲಿ ಸೆಲ್ಲೊ ಬಾರಿಸುತ್ತಿದ್ದರು. ತಂದೆ, ದೊಡ್ಡಪ್ಪ ಪಿಟೀಲು. 1837ರಲ್ಲಿ ತಾತ ತೀರಿಕೊಂಡರು. 1840ರ ದಶಕದ ಆರಂಭದಲ್ಲಿ ಮೇಳವೇ ನಿಂತಿತು. ಹಾರ್ಡಿ ಹುಟ್ಟಿದ್ದು 1840ರಲ್ಲಿ. ಆದ್ದರಿಂದ ಮನೆಯವರು ಹೇಳಿದ್ದನ್ನು ಕೇಳಿಯೇ ಅವರು ಅದನ್ನು ತಿಳಿಯಬೇಕಾಯಿತು. 1872ರಲ್ಲಿ ಬಂದ 'ಅಂಡರ್ ದಿ ಗ್ರೀನ್‌ವುಡ್ ಟ್ರೀ' ಕಾದಂಬರಿ ಇಂಥದ್ದೇ ಮೇಳದ ಕಥೆ.

4. ಯಾಕೆ ನಿಂತಿತು? ಹೊಸ ಪಾದ್ರಿಗಳಿಗೆ ಶಿಸ್ತು ಬೇಕಿತ್ತು. ಮೇಳದವರು ತಮಗೆ ತೋಚಿದಂತೆ ಬಾರಿಸುತ್ತಾರೆ, ಶ್ರುತಿ ತಪ್ಪುತ್ತದೆ ಎಂಬ ದೂರು ಇತ್ತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆರ್ಗನ್ ಅಥವಾ ಹಾರ್ಮೋನಿಯಂ ತಂದರೆ ಒಬ್ಬರೇ ಸಾಕು. ಹಾಗೆ ಊರೂರಲ್ಲಿ ಮೇಳಗಳು ಅಟ್ಟದಿಂದ ಇಳಿದವು. ಸ್ವರ ಸರಿಯಾಯಿತು. ಆದರೆ ಹತ್ತು ಮನೆಗಳಲ್ಲಿ ತಂದೆಯಿಂದ ಮಗನಿಗೆ ಬರುತ್ತಿದ್ದ ವಿದ್ಯೆಗೆ ಇದ್ದ ಜಾಗ ಹೋಯಿತು.

5. ಅದೇ ಪೆಟ್ಟಿಗೆ ನಮ್ಮಲ್ಲಿ: ಹಾರ್ಮೋನಿಯಂಗೆ 1842ರಲ್ಲಿ ಪ್ಯಾರಿಸ್ಸಿನ ದೆಬೆಯಿನ್ ಎಂಬುವರು ಪೇಟೆಂಟ್ ಪಡೆದರು. ಮುಂದೆ ಅದು ಭಾರತಕ್ಕೂ ಬಂತು. ಕೋಲ್ಕತ್ತದಲ್ಲಿ ಅದನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕಿ ನುಡಿಸುವಂತೆ ಮಾಡಿದರು. ನಮ್ಮ ಭಜನೆಯಲ್ಲಿ ಅದು ತಾಳ, ತಬಲಾಗಳನ್ನು ಓಡಿಸಲಿಲ್ಲ, ಜೊತೆಗೆ ಕೂತಿತು. ಅಂದ್ರೆ ತಪ್ಪು ಪೆಟ್ಟಿಗೆಯದ್ದಲ್ಲ. ಯಾರನ್ನು ಕೂರಿಸಬೇಕು, ಯಾರನ್ನು ಎಬ್ಬಿಸಬೇಕು ಅಂತ ತೀರ್ಮಾನ ಮಾಡುವವರು ಮನುಷ್ಯರೇ.

ಯೋಚಿಸಿ: ಚೆನ್ನಾಗಿ ಹಾಡುವ ಒಬ್ಬರು ಮುಖ್ಯವೋ, ಕೂಡಿ ಹಾಡುವ ಹತ್ತು ಜನ ಮುಖ್ಯವೋ? ಎರಡೂ ಬೇಕಾದರೆ ಏನು ಮಾಡಬೇಕು? ನಿಮ್ಮ ಉತ್ತರ ಬರೆದು ಮುಂದಿನ ಸಂಚಿಕೆಗೆ ಕೊಡಿ.