ಹೊಗೆಯಲ್ಲಿ ಕರಗುವ ಬುದ್ಧಿ

ಅಲ್ಲಾಹನು ಮನುಷ್ಯನಿಗೆ ದಯಪಾಲಿಸಿದ ಅನುಗ್ರಹಗಳಲ್ಲಿ ಬುದ್ಧಿ ಬಹಳ ದೊಡ್ಡದು. ನಮಾಝ್, ಉಪವಾಸ, ವ್ಯವಹಾರ ಇವೆಲ್ಲದರ ಹೊಣೆ ಬುದ್ಧಿ ಸ್ವಸ್ಥವಾಗಿರುವವನ ಮೇಲೆಯೇ ಇದೆ. ಧರ್ಮ, ಪ್ರಾಣ, ಬುದ್ಧಿ, ಸಂತಾನ, ಸಂಪತ್ತು ಈ ಐದರ ರಕ್ಷಣೆ ಶರೀಅತ್ತಿನ ಗುರಿಯೆಂದು ಇಮಾಮ್ ಗಝಾಲಿ(ರ) ವಿವರಿಸಿದ್ದಾರೆ. ತಂಬಾಕಿನಲ್ಲಿ ಗಾಂಜಾ ಬೆರೆಸಿ ಸೇದುವ ಚಟವು ಈ ಐದಕ್ಕೂ ಒಟ್ಟಿಗೆ ಬೆಂಕಿ ಹಚ್ಚುತ್ತದೆ.

1884ರಲ್ಲಿ ಆರಂಭವಾದ ಬಿನ್ನಿ ಮಿಲ್ಲಿನಿಂದ ಹೆಸರು ಪಡೆದ ನಮ್ಮ ಬಿನ್ನಿಪೇಟೆಗೆ ದುಡಿಯುವ ಜನರ ಬೀಡಿಯ ವಾಸನೆ ಹೊಸತಲ್ಲ. ಆದರೆ ಇಂದು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸರಿ, ಸಿಗರೇಟಿನ ತಂಬಾಕು ಉದುರಿಸಿ, 'ಸೊಪ್ಪು' ಬೆರೆಸಿ ಮತ್ತೆ ತುಂಬುವುದನ್ನು ಕಲಿತ ಹುಡುಗರಿದ್ದಾರೆ. ಮಗನ ಅಂಗಿಯ ವಾಸನೆ ಬರೀ ಸಿಗರೇಟಿನದೆಂದು ತಾಯಿ ನೊಂದುಕೊಂಡು ಸುಮ್ಮನಾಗುತ್ತಾಳೆ.

ಧರ್ಮದ ವಿಧಿ

'ಸಿಗರೇಟ್ ಮಕ್ರೂಹ್ ತಾನೆ? ಗಾಂಜಾ ಗಿಡದ ಎಲೆ ತಾನೆ? ಕುರ್‌ಆನ್‌ನಲ್ಲಿ ಅದರ ಹೆಸರೆಲ್ಲಿದೆ?' ಎಂದು ಕೆಲವು ಯುವಕರು ವಾದಿಸುತ್ತಾರೆ. ತಂಬಾಕು ಮಕ್ರೂಹೋ ಹರಾಮೋ ಎಂಬುದರಲ್ಲಿ ಉಲಮಾಗಳಿಗೆ ಭಿನ್ನಾಭಿಪ್ರಾಯವಿದೆ, ನಿಜ. ಆದರೆ ಅಮಲಿನ ವಿಷಯದಲ್ಲಿ ಆ ಸಡಿಲಿಕೆಯಿಲ್ಲ. ಬುದ್ಧಿಗೆ ಮುಸುಕು ಹಾಕುವುದೆಲ್ಲವೂ 'ಖಮ್ರ್' ಎಂದು ಹಝ್ರತ್ ಉಮರ್(ರ) ಮಿಂಬರಿನಿಂದಲೇ ಸಾರಿದ್ದರು. ಹೆಚ್ಚು ಸೇವಿಸಿದರೆ ಅಮಲೇರಿಸುವ ವಸ್ತುವಿನ ಅಲ್ಪಾಂಶವೂ ನಿಷಿದ್ಧವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಹಾಗಾದರೆ 'ಸ್ವಲ್ಪವೇ ಬೆರೆಸಿದ್ದೆ' ಎಂಬ ಮಾತಿಗೆ ಬೆಲೆಯೆಲ್ಲಿ? ಈ ಪ್ರಶ್ನೆ ಹೊಸತೂ ಅಲ್ಲ. 14ನೇ ಶತಮಾನದ ಶಾಫಿಈ ವಿದ್ವಾಂಸರಾದ ಇಮಾಮ್ ಝರ್ಕಶಿ(ರ) ಗಾಂಜಾ ಗಿಡದ ಅಮಲಿನ ನಿಷಿದ್ಧತೆಯ ಬಗ್ಗೆಯೇ ಒಂದು ಕೃತಿ ರಚಿಸಿದ್ದಾರೆ.

ಮನಸ್ಸಿಗಾಗುವ ಹಾನಿ

ಸೇದಿದರೆ ಮನಸ್ಸು ಹಗುರವಾಗುತ್ತದೆ ಎಂದು ಹುಡುಗ ಹೇಳುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಮೋಸ ಹೋಗುತ್ತಿದ್ದಾನೆ. ನಿಕೋಟಿನ್ ದೇಹದಲ್ಲಿ ಇಳಿದಂತೆ ಸಿಡಿಮಿಡಿ, ಚಡಪಡಿಕೆ ಶುರುವಾಗುತ್ತದೆ. ಮುಂದಿನ ದಮ್ಮು ತಣಿಸುವುದು ಹಿಂದಿನ ದಮ್ಮು ಹುಟ್ಟಿಸಿದ ಆ ತಳಮಳವನ್ನೇ. ಗಾಂಜಾ ಬಿಡಬೇಕೆಂದು ಬಯಸಿದರೂ ತಂಬಾಕು ಮತ್ತೆ ಅದೇ ಚುಟ್ಟಿಯತ್ತ ಎಳೆಯುತ್ತದೆ.

ಸ್ವೀಡನ್‌ನಲ್ಲಿ ಸೇನೆಗೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿದ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. 50ಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇವಿಸಿದವರಲ್ಲಿ ಸ್ಕಿಝೋಫ್ರೇನಿಯಾ ಎಂಬ ತೀವ್ರ ಮನೋರೋಗ ಸುಮಾರು ಆರು ಪಟ್ಟು ಹೆಚ್ಚಾಗಿ ಕಂಡುಬಂದಿತ್ತು. ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂಬಾಕು ಗಾಂಜಾ ಎರಡನ್ನೂ ಬಳಸುವವರಲ್ಲಿ ನಾಲ್ವರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಖಿನ್ನತೆ, ಆತಂಕಗಳಿಂದ ಬಳಲುತ್ತಿದ್ದರು. ಎರಡನ್ನೂ ಮುಟ್ಟದವರಲ್ಲಿ ಈ ಪ್ರಮಾಣ ಹತ್ತರಲ್ಲಿ ಒಬ್ಬರಷ್ಟು ಮಾತ್ರ. ಸೇದಿದವರೆಲ್ಲರಿಗೂ ಮನೋರೋಗ ಬರುತ್ತದೆಂದು ಇದರ ಅರ್ಥವಲ್ಲ. ಮೊದಲೇ ಮನಸ್ಸು ನೊಂದವರು ಹೊಗೆಯತ್ತ ಹೋಗುವುದೂ ಉಂಟು. ಆದರೆ ಎಳೆಯ ವಯಸ್ಸಿನಲ್ಲಿ ಆರಂಭಿಸಿದವರಿಗೆ, ದಿನವೂ ಸೇದುವವರಿಗೆ, ಕುಟುಂಬದಲ್ಲಿ ಮನೋರೋಗದ ಹಿನ್ನೆಲೆಯಿರುವವರಿಗೆ ಅಪಾಯ ಹೆಚ್ಚು.

ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ಮನೋರೋಗಕ್ಕೆ ಕೊಡುವ ಓಲಾಂಝಪೈನ್, ಕ್ಲೋಝಪೈನ್ ಮುಂತಾದ ಔಷಧಿಗಳನ್ನು ತಂಬಾಕಿನ ಹೊಗೆಯು ದೇಹದಿಂದ ಬೇಗ ಹೊರಹಾಕಿಸುತ್ತದೆ. ಒಮ್ಮೆಲೇ ಸೇದುವುದನ್ನು ಬಿಟ್ಟರೆ ಅದೇ ಔಷಧಿಯ ಪ್ರಮಾಣ ರಕ್ತದಲ್ಲಿ ಏರುತ್ತದೆ. ಆದ್ದರಿಂದ ಸೇದುವುದನ್ನಾಗಲೀ ಬಿಟ್ಟದ್ದನ್ನಾಗಲೀ ವೈದ್ಯರಿಂದ ಮರೆಮಾಚಬಾರದು.

ಹೆತ್ತವರೊಡನೆ ಎರಡು ಮಾತು

ಮಗ ರಾತ್ರಿಯಿಡೀ ನಿದ್ರಿಸದೆ, ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂದು ಹೆದರುತ್ತ, ಒಬ್ಬನೇ ಮಾತನಾಡತೊಡಗಿದರೆ ತಡಮಾಡಬೇಡಿ. 'ಮೊಹಲ್ಲಾದವರು ಏನೆಂದಾರು? ತಂಗಿಯ ನಿಕಾಹ್‌ಗೆ ಅಡ್ಡಿಯಾದೀತು' ಎಂದು ಮುಚ್ಚಿಟ್ಟು, ತಾಯಿತ ಕಟ್ಟಿಸುತ್ತ ತಿಂಗಳುಗಟ್ಟಲೆ ಕಳೆಯುವ ಮನೆಗಳಿವೆ. ಆ ತಿಂಗಳುಗಳಲ್ಲಿ ರೋಗ ಬೇರೂರುತ್ತದೆ. ದುಆ ಮಾಡಿ, ಜೊತೆಗೆ ಚಿಕಿತ್ಸೆಯನ್ನೂ ಮಾಡಿಸಿ. ಚಿಕಿತ್ಸೆ ಪಡೆಯುವಂತೆ ಆಜ್ಞಾಪಿಸಿದವರು ನಮ್ಮ ಪ್ರವಾದಿಯವರೇ(ಸ).

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 14416 ಸಂಖ್ಯೆಯ ಟೆಲಿ ಮಾನಸ್‌ಗೆ ಕರೆ ಮಾಡಿ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ಪೊಲೀಸರ ಭಯವೇ? 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ, ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರ್ಣಗೊಳಿಸುವ ವ್ಯಸನಿಗೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ.

ಮಗನನ್ನು ಮನೆಯಿಂದ ಹೊರಹಾಕಬೇಡಿ. ಹೊರಗೆ ಅವನಿಗಾಗಿ ಕಾಯುತ್ತಿರುವವರು ಸೊಪ್ಪು ಮಾರುವವರು. ಪಾಪವನ್ನು ದ್ವೇಷಿಸಿ, ಆದರೆ ಮರಳಿ ಬರುವವನಿಗೆ ಬಾಗಿಲು ತೆರೆದಿಡಿ. ತೌಬಾದ ಬಾಗಿಲನ್ನು ಅಲ್ಲಾಹನೇ ಮುಚ್ಚದಿರುವಾಗ ಮನೆಯ ಬಾಗಿಲು ಮುಚ್ಚಲು ನಾವು ಯಾರು?

ಅಲ್ಲಾಹನು ನಮ್ಮ ಮಕ್ಕಳ ಬುದ್ಧಿಯನ್ನೂ ಈಮಾನನ್ನೂ ಕಾಪಾಡಲಿ. ಆಮೀನ್.