ನೆರವು ನೀಡುವವರ ಧರ್ಮಸಂಕಟ

ಪರೋಪಕಾರವು ಪುಣ್ಯವೆಂದು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬೆಳೆದವರು. ಆದರೆ ಉಪಕಾರ ಪಡೆಯುವವರಿಗೆ ಅದು ಬೇಕೆ, ಬೇಡವೆ ಎಂದು ಮೊದಲು ವಿಚಾರಿಸಬೇಕೆಂಬ ಪಾಠವನ್ನು ಕಲಿತವರು ವಿರಳ. ಸಮಾಜಸೇವೆ, ಪುನರ್ವಸತಿಗಳು ಇಂದು ಕೇವಲ ದಾನಧರ್ಮವಾಗಿ ಉಳಿದಿಲ್ಲ. ಅವಕ್ಕೆ ಶಿಕ್ಷಣವಿದೆ, ಕಾನೂನಿದೆ, ವೃತ್ತಿನೀತಿಯಿದೆ. ಆ ನೀತಿಯ ಅಗತ್ಯವನ್ನು ನಾನು ತರಗತಿಯಲ್ಲಿ ಅರಿತದ್ದಕ್ಕಿಂತ ಬಸವನಗುಡಿಯ ಬೀದಿಯಲ್ಲಿ ಅರಿತದ್ದೇ ಹೆಚ್ಚು.

ಕಳೆದ ವರ್ಷ ನಾವು ಮೂವರು ಸಹಪಾಠಿಗಳು ಕ್ಷೇತ್ರಕಾರ್ಯಕ್ಕಾಗಿ ಗಾಂಧಿಬಜಾರಿನ ಸುತ್ತಮುತ್ತ ತಿರುಗುತ್ತಿದ್ದೆವು. ದೊಡ್ಡ ಬಸವಣ್ಣನ ಗುಡಿಯ ದಾರಿಯಲ್ಲಿ ಒಬ್ಬ ಮುದುಕಿ ಭಿಕ್ಷೆಗೆ ಕುಳಿತಿದ್ದಳು. ಆಕೆಯ ಕಾಲಿನಲ್ಲಿ ಹುಣ್ಣು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ತಿಳಿಸಿ ಆಕೆಯನ್ನು ಅಲ್ಲಿಗೆ ಸೇರಿಸಿಬಿಡುವುದೆಂದು ನಾವು ನಿಂತಲ್ಲೇ ನಿಶ್ಚಯಿಸಿದೆವು. ಊಟ, ವಸತಿ, ಔಷಧ ಎಲ್ಲವೂ ಒಂದೆಡೆ ದೊರೆಯುವಾಗ ಯೋಚಿಸುವುದೇನಿದೆ ಎಂಬುದು ನಮ್ಮ ಭಾವನೆ. ನಮ್ಮ ಅಧ್ಯಾಪಕರಿಗೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ ಮಾತು: “ಆಕೆಯನ್ನು ಕೇಳಿದಿರಾ?”

ಮರುದಿನ ಹೋಗಿ ಕೇಳಿದೆವು. “ನನ್ನ ಎಲ್ಲಿಗಪ್ಪಾ ಕರ್ಕೊಂಡ್ ಹೋಗ್ತೀರ? ಸಂಜೆ ಮೊಮ್ಮಗ ಸ್ಕೂಲಿಂದ ಬಂದ್ರೆ ಅವನಿಗೆ ಯಾರಿದಾರೆ?” ಎಂದಳು. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಓದುತ್ತಿದ್ದ ಆ ಹುಡುಗನಿಗೆ ಅಜ್ಜಿಯ ಹೊರತು ಬೇರೆ ದಿಕ್ಕಿರಲಿಲ್ಲ. ನಮ್ಮ ಉಪಕಾರದಿಂದ ಒಂದು ಸಂಸಾರವೇ ಒಡೆಯುತ್ತಿತ್ತು.

ಇಲ್ಲಿ ಕಾನೂನಿನ ಸಂಗತಿಯನ್ನೂ ಗಮನಿಸಬೇಕು. ಮೈಸೂರು ಸಂಸ್ಥಾನದಲ್ಲಿ 1944ರಲ್ಲಿಯೇ ಭಿಕ್ಷಾಟನೆಯನ್ನು ನಿಷೇಧಿಸುವ ಕಾಯಿದೆ ಬಂದಿತು. ಈಗ ಇರುವುದು 1975ರ ಕರ್ನಾಟಕ ಕಾಯಿದೆ. ಬಸವನಗುಡಿ, ಮಲ್ಲೇಶ್ವರಗಳ ಮನೆಯವರು ಆಸ್ತಿತೆರಿಗೆಯೊಡನೆ ಅದರ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಕರವನ್ನೂ ತೆರುತ್ತಾರೆ. ಹಣ ಕೊಟ್ಟ ಮೇಲೆ ಬೀದಿ ಚೊಕ್ಕಟವಾಗಲೆಂದು ಬಯಸುವುದು ಸಹಜವೇ. ಆದರೆ 2010ರ ಆಗಸ್ಟಿನಲ್ಲಿ ಆ ಕೇಂದ್ರದಲ್ಲಿ ಕೆಲವೇ ದಿನಗಳೊಳಗೆ ಅನೇಕ ಆಶ್ರಿತರು ಮೃತಪಟ್ಟ ಸುದ್ದಿ ನಾಡನ್ನು ಕಲಕಿತು. ಒಬ್ಬರನ್ನು ಕಣ್ಣಿನಿಂದ ದೂರ ಮಾಡಿದ ಮಾತ್ರಕ್ಕೆ ಅವರ ಕಷ್ಟ ದೂರವಾಗುವುದಿಲ್ಲ.

ಅಮೆರಿಕದ ಮನೋವಿಜ್ಞಾನಿ ಕಾರೆನ್ ಕಿಚನರ್ ಅವರು 1984ರಲ್ಲಿ ಇಂತಹ ವೃತ್ತಿಗಳಿಗಾಗಿ ಐದು ತತ್ತ್ವಗಳನ್ನು ವಿವರಿಸಿದರು: ಇತರರ ಸ್ವಾತಂತ್ರ್ಯವನ್ನು ಮನ್ನಿಸುವುದು, ಹಿತವನ್ನು ಮಾಡುವುದು, ಅಹಿತವನ್ನು ಮಾಡದಿರುವುದು, ನ್ಯಾಯ, ಮತ್ತು ನಂಬಿದವರಿಗೆ ನಿಷ್ಠೆ. ಇವುಗಳನ್ನು ಬಾಯಿಪಾಠ ಮಾಡುವುದು ಸುಲಭ. ಇವು ಒಂದರೊಡನೊಂದು ಸೆಣಸಿದಾಗಲೇ ಧರ್ಮಸಂಕಟ. ಅಜ್ಜಿಯ ಹುಣ್ಣಿಗೆ ಚಿಕಿತ್ಸೆ ಆಗಬೇಕಾದದ್ದು ಹಿತ. ಆಕೆ ಆಸ್ಪತ್ರೆಗೆ ಒಲ್ಲೆನೆಂದದ್ದು ಆಕೆಯ ಸ್ವಾತಂತ್ರ್ಯ. ಯಾವುದು ಹೆಚ್ಚು?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ಪ್ರಶ್ನೆಗೆ ಒಳ್ಳೆಯ ಬೆಳಕನ್ನು ಚೆಲ್ಲುತ್ತದೆ. ಒಬ್ಬರ ತೀರ್ಮಾನ ಇತರರಿಗೆ ತಪ್ಪೆಂದು ತೋರಿದ ಮಾತ್ರಕ್ಕೆ ಅವರಿಗೆ ತೀರ್ಮಾನಿಸುವ ಶಕ್ತಿಯೇ ಇಲ್ಲವೆಂದು ಎಣಿಸಕೂಡದೆಂಬುದು ಅದರ ಮತ. ಮನೋರೋಗಿಗಳಿಗೇ ಈ ಗೌರವವನ್ನು ಸಲ್ಲಿಸಬೇಕಾಗಿರುವಾಗ, ಕೇವಲ ಬಡತನದಿಂದ ಬೀದಿಗೆ ಬಂದವರಿಗೆ ಅದನ್ನು ನಿರಾಕರಿಸುವುದು ಹೇಗೆ? ಹಾಗೆಂದು “ಬೇಡ” ಎಂಬ ಮಾತು ಕೇಳಿದೊಡನೆ ಕೈಕೊಡವಿ ಹೊರಡುವುದೂ ಧರ್ಮವಲ್ಲ. ಏಕೆ ಬೇಡವೆಂಬುದನ್ನು ತಿಳಿಯಬೇಕು. ಆಸ್ಪತ್ರೆಯಲ್ಲಿ ಇರಿಸಿಕೊಂಡರೆ ಮೊಮ್ಮಗನ ಗತಿಯೇನೆಂಬುದೇ ಆಕೆಯ ಅಂಜಿಕೆಯಾಗಿತ್ತು. ಅದು ತಿಳಿದ ಬಳಿಕ, ಶಾಲೆಗೆ ರಜೆಯಿದ್ದ ದಿನ ಹುಡುಗನನ್ನೂ ಜೊತೆಗೆ ಕರೆದುಕೊಂಡು ವಿಕ್ಟೋರಿಯಾ ಆಸ್ಪತ್ರೆಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಂದೆವು. ಸಂಧ್ಯಾ ಸುರಕ್ಷಾ ಯೋಜನೆಯ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿಯನ್ನೂ ಆಕೆಯ ಒಪ್ಪಿಗೆ ಪಡೆದೇ ಸಲ್ಲಿಸಿದೆವು.

ಇಷ್ಟರಲ್ಲಿ ನನ್ನಿಂದಲೇ ಒಂದು ಅಪರಾಧ ನಡೆದುಹೋಗಿತ್ತು. ಮೊದಲ ದಿನವೇ ನಾನು ಅಜ್ಜಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ನಾಲ್ಕು ಕರುಣೆಯ ಮಾತುಗಳೊಡನೆ ಗೆಳೆಯರಿಗೆ ಕಳುಹಿಸಿದ್ದೆ. ಅದು ಕೈಯಿಂದ ಕೈಗೆ ದಾಟಿ ಹುಡುಗನ ಶಾಲೆಯನ್ನೂ ಮುಟ್ಟಿತು. ಅವನು ನಾಲ್ಕು ದಿನ ಶಾಲೆಗೆ ಹೋಗಲಿಲ್ಲ. ಕ್ಷಮೆ ಬೇಡಿದೆ, ಚಿತ್ರವನ್ನು ಅಳಿಸಿದೆ. ಆದರೆ ನೋಡಿದವರ ಕಣ್ಣಿನಿಂದ ಅದನ್ನು ಅಳಿಸುವುದೆಂತು? ಇನ್ನೊಬ್ಬರ ಕಷ್ಟದ ಕಥೆ ಅವರ ಸೊತ್ತು. ನಮ್ಮ ಕೀರ್ತಿಗೆ ಬಂಡವಾಳವಲ್ಲ.

ಸೇವಾಕಾರ್ಯಕ್ಕೆ ಹೊರಡುವ ಸಹಪಾಠಿಗಳಲ್ಲಿ ನನ್ನ ಬಿನ್ನಹವಿಷ್ಟೆ. ನಿರ್ಧಾರಕ್ಕೆ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಇದು ಯಾರ ಹಿತಕ್ಕಾಗಿ? ಅವರನ್ನು ಕೇಳಿದ್ದೇವೆಯೆ? ಕಡಿಮೆ ಬಲವಂತದ ಬೇರೆ ಮಾರ್ಗವಿದೆಯೆ? ನಮ್ಮಿಂದ ಕೇಡಾದರೆ ಅದನ್ನು ಹೊರುವವರು ಯಾರು? ಉತ್ತರ ದೊರೆಯಲು ತಡವಾದರೂ ಚಿಂತೆಯಿಲ್ಲ. ಆ ಅಜ್ಜಿಯ ವಿಷಯದಲ್ಲಿ ನಾವು ತಡೆದು ನಿಂತದ್ದು ಒಂದೇ ದಿನ. ಆ ಒಂದು ದಿನದಿಂದ ಹುಡುಗನಿಗೆ ಅಜ್ಜಿ ಉಳಿದಳು.